ಅರಳುಮರಳಿನ ಲೆಕ್ಕದಲ್ಲಿ ನಮ್ಮವರೆಲ್ಲಿ?

ದಾವಣಗೆರೆಯಲ್ಲಿ ದೇವರಾಜ ಅರಸು ಹೆಸರಿನ ಬಡಾವಣೆಯಿದೆ. ಅರಸರು 1972ರಲ್ಲಿ ಹಾವನೂರು ಆಯೋಗ ನೇಮಿಸಿದರು. 1975ರಲ್ಲಿ ವರದಿ ಬಂತು. ಯಾವ ಜಾತಿಯ ಮಕ್ಕಳು ಎಲ್ಲಿವರೆಗೆ ಓದಿದರು, ಯಾರಿಗೆ ಸರ್ಕಾರಿ ನೌಕರಿ ಸಿಕ್ಕಿತು ಅಂತ ಅದು ಲೆಕ್ಕ ಕೇಳಿತು. ಲೆಕ್ಕಕ್ಕೆ ಬಾರದವರಿಗೆ ಪಾಲೂ ಇಲ್ಲ ಅನ್ನೋದು ಅದರ ಪಾಠ. ಆ ಬಡಾವಣೆಯಲ್ಲಿ, ಮುಚ್ಚಿಹೋದ ಹತ್ತಿಗಿರಣಿಗಳ ಕಾರ್ಮಿಕರ ಕೇರಿಗಳಲ್ಲಿ ಇವತ್ತು ಮುಪ್ಪಾಗಿರುವವರ ಬಗ್ಗೆ ನಾವು ಅದೇ ಲೆಕ್ಕ ಕೇಳುತ್ತೇವೆ: ಡಿಮೆನ್ಷಿಯಾ ಅನ್ನುವ ಮರೆವಿನ ರೋಗದ ಸಂಶೋಧನೆಯಲ್ಲಿ ಇವರೆಲ್ಲಿದ್ದಾರೆ?

ಅರವತ್ತಕ್ಕೆ ಅರಳುಮರಳು ಅಂತ ಗಾದೆ ಹೇಳಿ ಸಮಾಜ ಸುಮ್ಮನಾಯಿತು. ಆದರೆ ಇದು ಬರೀ ವಯಸ್ಸಿನ ಗುಣವಲ್ಲ, ಮಿದುಳಿನ ರೋಗ. 1906ರಲ್ಲೇ ಜರ್ಮನಿಯ ಆಲ್ಜೈಮರ್ ಒಬ್ಬ ಹೆಂಗಸಿನ ಮಿದುಳಿನಲ್ಲಿ ಇದರ ಗುರುತು ತೋರಿಸಿದ. ಹಾವನೂರು ವರದಿ ಬಂದ 1975ರಲ್ಲೇ ಅಮೆರಿಕದಲ್ಲಿ 30 ಅಂಕದ ಒಂದು ಪರೀಕ್ಷೆ ಹೊರಬಂದು ಲೋಕವೆಲ್ಲ ಹಬ್ಬಿತು. ನೂರರಿಂದ ಏಳೇಳು ಕಳೆಯಿರಿ, ಚೀಟಿ ಓದಿ ಹಾಗೆ ಮಾಡಿರಿ, ಒಂದು ವಾಕ್ಯ ಬರೆಯಿರಿ!

ಯಾರು ಬರೀಬೇಕು? 1961ರ ಜನಗಣತಿಯಲ್ಲಿ ದೇಶದ ಪರಿಶಿಷ್ಟ ಜಾತಿ ಹೆಣ್ಣುಮಕ್ಕಳಲ್ಲಿ ನೂರಕ್ಕೆ 3.29 ಮಂದಿ ಮಾತ್ರ ಅಕ್ಷರಸ್ಥರು. ಆಗಿನ ಆರೇಳು ವರ್ಷದ ಹುಡುಗಿಯರೇ ಈಗ ಎಪ್ಪತ್ತರ ಆಚೀಚಿನ ಅಜ್ಜಿಯರು. ಅಂದು ಶಾಲೆ ಬಾಗಿಲು ಮುಚ್ಚಿದ ವ್ಯವಸ್ಥೆಯೇ ಇಂದು ಕಾಗದ ಚಾಚಿ ಬರಿ ಅನ್ನುತ್ತದೆ. ಬರೆಯದಿದ್ದರೆ ಒಂದೋ ಮರೆವಿನ ಪಟ್ಟ, ಇಲ್ಲವೇ ಅಧ್ಯಯನದಿಂದಲೇ ಹೊರಗೆ.

ದಾರಿ ಇಲ್ಲದೇನಿಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ 1995ರಲ್ಲಿ ಈ ಪರೀಕ್ಷೆಯನ್ನೇ ಬದಲಿಸಿದರು. ವಾಕ್ಯ ಬರೆಯೋ ಬದಲು ನಿಮ್ಮ ಮನೆ ಬಗ್ಗೆ ಏನಾದರೂ ಹೇಳಿ ಅಂದರು. ಚೀಟಿ ಓದೋ ಬದಲು ನಾನು ಮಾಡಿದಂತೆ ಮಾಡಿ ಅಂದರು. 1998ರಲ್ಲಿ ಹುಟ್ಟಿದ '10/66' ಸಂಶೋಧಕರ ಗುಂಪಿನ ಹೆಸರೇ ಒಂದು ಆರೋಪ: ಈ ರೋಗಿಗಳಲ್ಲಿ ಶೇ. 66 ಮಂದಿ ಬಡದೇಶಗಳಲ್ಲಿ, ಸಂಶೋಧನೆಯಲ್ಲಿ ಅವರ ಪಾಲು ಶೇ. 10 ಕೂಡ ಇಲ್ಲ. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಪರೀಕ್ಷೆ ಸಿದ್ಧಮಾಡಿಸಿದೆ. ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಕೋಲಾರ ಜಿಲ್ಲೆ ಶ್ರೀನಿವಾಸಪುರದ ಹಳ್ಳಿಗಳಲ್ಲಿ, 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಕೆಲಸ ಹಿಡಿದಿದೆ.

ಒಳ್ಳೇದೇ. ಆದರೆ ಹಳ್ಳಿ ಅಂದರೆ ಊರೋ, ಕೇರಿಯೋ? 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ 88 ಲಕ್ಷ ಜನಕ್ಕೆ, ಈ ರೋಗ ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ರೋಗ ಯಾರಲ್ಲಿ ಹೆಚ್ಚೋ ಅವರೇ ಸಂಶೋಧನೆಯ ನಡುಮನೆಯಲ್ಲಿ ಕೂರಬೇಕು.

ಆದ್ದರಿಂದ ನಾವು ಕೇಳುವುದಿಷ್ಟೆ. ಪರೀಕ್ಷೆ ಕೇರಿಯೊಳಗೆ ಬರಲಿ, ಮನೆಮಾತಿನಲ್ಲಿ ನಡೆಯಲಿ. ಸ್ಕ್ಯಾನಿಗೆ ಪೇಟೆಗೆ ಹೋದವರ ಆ ದಿನದ ಕೂಲಿ ಕೊಡಲಿ. ರಕ್ತ ಕೊಟ್ಟವರಿಗೆ ಫಲಿತಾಂಶ ತಿಳಿಸಲಿ. ಯಾವ ಜಾತಿಯವರು ಎಷ್ಟು ಮಂದಿ ಸೇರಿದರು ಅನ್ನೋದು ಪ್ರತಿ ವರದಿಯಲ್ಲೂ ಅಚ್ಚಾಗಲಿ. ಹಾವನೂರು ಆಯೋಗ ಕೇಳಿದ ಆ ಲೆಕ್ಕವನ್ನು ಈಗ ಹಳ್ಳಿಯ ಮೇಷ್ಟ್ರುಗಳು, ವಿದ್ಯಾರ್ಥಿಗಳು, ಸಂಘಟನೆಯವರು ಆಸ್ಪತ್ರೆಯ ಬಾಗಿಲಲ್ಲೂ ಕೇಳಬೇಕು.