ಸಾಕ್ಷಿಯ ಕೂಲಿ

ಕ್ರಿ.ಶ. 301ರಲ್ಲಿ ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ನನು ಹೊರಡಿಸಿದ ಬೆಲೆಗಳ ಶಾಸನದಲ್ಲಿ ಧಾನ್ಯ, ಎಣ್ಣೆ, ಪಾದರಕ್ಷೆಗಳ ದರಗಳೊಡನೆ ಬರವಣಿಗೆಯ ದರವೂ ನಮೂದಾಗಿದೆ. ವ್ಯವಹಾರಪತ್ರಗಳನ್ನು ಬರೆದುಕೊಡುವ ‘ಟ್ಯಾಬೆಲಿಯೋ’ ಎಂಬ ವೃತ್ತಿಯವನಿಗೆ ನೂರು ಸಾಲಿಗೆ 10 ಡಿನಾರಿ. ಉತ್ತಮ ಅಕ್ಷರದ ನಕಲುಗಾರನಿಗೆ ಅಷ್ಟೇ ಸಾಲುಗಳಿಗೆ 25. ಇದಕ್ಕಿಂತ ಹೆಚ್ಚು ಕೇಳಕೂಡದೆಂಬುದು ಆ ಶಾಸನದ ತಾತ್ಪರ್ಯ. ಕೆಲಸ ಮಾಡಿಸಿಕೊಂಡವನು ಇಷ್ಟನ್ನಾದರೂ ಕೊಡದೆ ಹೋದರೆ ಗತಿಯೇನೆಂಬುದನ್ನು ಆ ದರಪಟ್ಟಿ ಹೇಳುವುದಿಲ್ಲ. ನೋಟರಿ ವೃತ್ತಿಯ ಮುಂದಿನ ಇತಿಹಾಸದಲ್ಲಿಯೂ ಇದೇ ಕೊರತೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಸಾಕ್ಷಿಯ ಪ್ರಾಮಾಣಿಕತೆಯನ್ನು ಕಾಯಲು ರಾಜ್ಯವು ಕಟ್ಟಳೆಗಳನ್ನು ವಿಧಿಸಿತು. ಸಾಕ್ಷಿಯ ಕೂಲಿಯನ್ನು ಕಾಯುವ ಭಾರವನ್ನು ಅವನಿಗೇ ಬಿಟ್ಟಿತು.

ಮಧ್ಯಯುಗದ ಇಟಲಿಯ ನೋಟರಿಗಳು ಈ ಭಾರವನ್ನು ಜಾಣತನದಿಂದ ಹೊತ್ತರು. ಜಿನೋವಾ ಬಂದರಿನ ಜೊವಾನ್ನಿ ಸ್ಕ್ರಿಬಾ ಎಂಬ ನೋಟರಿಯು 1154ರಿಂದ 1164ರವರೆಗೆ ಬರೆದಿಟ್ಟ ದಫ್ತರವು ಇಂದಿಗೂ ಉಳಿದುಬಂದಿದ್ದು, ಇಂತಹ ದಫ್ತರಗಳಲ್ಲಿ ಅದೇ ಅತ್ಯಂತ ಹಳೆಯದು. ಆ ಕಾಲದ ನೋಟರಿಯು ಒಂದೇ ಕಡೆ ಕುಳಿತವನಲ್ಲ. ವರ್ತಕನ ಮನೆ, ಅಂಗಡಿಯ ಮುಂಗಟ್ಟು, ಚರ್ಚಿನ ಮೊಗಸಾಲೆ, ಹೀಗೆ ವ್ಯವಹಾರ ನಡೆದಲ್ಲಿಗೆ ತಾನೇ ಹೋಗುತ್ತಿದ್ದನು. ಎಲ್ಲಿ, ಯಾರ ಸಮಕ್ಷಮದಲ್ಲಿ ಒಪ್ಪಂದವಾಯಿತೆಂಬುದನ್ನು ಪತ್ರದಲ್ಲಿಯೇ ಬರೆಯುತ್ತಿದ್ದನು. ಮೊದಲು ತನ್ನ ದಫ್ತರದಲ್ಲಿ ಒಪ್ಪಂದದ ಸಂಕ್ಷಿಪ್ತ ಟಿಪ್ಪಣಿ ಮಾತ್ರ. ಪಕ್ಷಗಾರನು ಕೇಳಿ ಹಣ ತೆತ್ತಾಗ ಚರ್ಮಪತ್ರದ ಮೇಲೆ ವಿಸ್ತಾರವಾದ ಪ್ರತಿ. ಹಣ ಬಾರದಿದ್ದರೆ ನೋಟರಿಗೆ ನಷ್ಟವಾಗುತ್ತಿದ್ದುದು ನಾಲ್ಕು ಸಾಲಿನ ಶ್ರಮ. ಸತ್ಯಕ್ಕೆ ಯಾವ ನಷ್ಟವೂ ಇಲ್ಲ, ಏಕೆಂದರೆ ಟಿಪ್ಪಣಿ ದಫ್ತರದಲ್ಲಿ ಭದ್ರವಾಗಿರುತ್ತಿತ್ತು. ಕೂಲಿಯನ್ನೂ ಸತ್ಯವನ್ನೂ ಏಕಕಾಲಕ್ಕೆ ಕಾಪಾಡುವ ಇಷ್ಟು ಸರಳವಾದ ವ್ಯವಸ್ಥೆಯು ಆ ಮೇಲೆ ಈ ವೃತ್ತಿಗೆ ದೊರೆತಂತೆ ಕಾಣುವುದಿಲ್ಲ.

ಇದರ ವ್ಯತಿರಿಕ್ತ ಚಿತ್ರವು ನಮ್ಮ ಕಾಲದ ಅಮೆರಿಕದಲ್ಲಿದೆ. ಭಾರತದಲ್ಲಿ 1952ರ ನೋಟರಿ ಅಧಿನಿಯಮದ ಮೇರೆಗೆ ಸಾಮಾನ್ಯವಾಗಿ ಅನುಭವಿ ವಕೀಲರೇ ನೋಟರಿಗಳಾಗುವರು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಹಾಗಲ್ಲ. ಸಾಮಾನ್ಯ ಪ್ರಜೆಯೊಬ್ಬನು ಅರ್ಜಿ ಹಾಕಿ, ರಾಜ್ಯದ ನಿಯಮಗಳನ್ನು ಪೂರೈಸಿ ಮುದ್ರೆಯನ್ನು ಪಡೆಯಬಲ್ಲನು. ಶುಲ್ಕಕ್ಕೆ ಅಲ್ಲಿಯೂ ಮಿತಿಯಿದೆ: ನ್ಯೂಯಾರ್ಕಿನಲ್ಲಿ ಎದುರಿಗೆ ಹಾಕಿದ ಸಹಿಯೊಂದರ ದೃಢೀಕರಣಕ್ಕೆ 2 ಡಾಲರ್, ಕ್ಯಾಲಿಫೋರ್ನಿಯದಲ್ಲಿ 2017ರಿಂದ 15 ಡಾಲರ್. ಡಯೋಕ್ಲೀಷಿಯನ್ನನ ಪಟ್ಟಿಯಂತೆಯೇ ಇದೂ ಮೇಲ್ಮಿತಿಯೇ ಹೊರತು ಬಟವಾಡೆಯ ಭರವಸೆಯಲ್ಲ.

ಬಿಡಿ ಸಹಿಗಳಿಂದ ಹೊಟ್ಟೆ ತುಂಬದ ಈ ನೋಟರಿಗಳಿಗೆ ಹೊಸ ಜೀವನೋಪಾಯವಾದುದು ಗೃಹಸಾಲ. ಬಡ್ಡಿ ಇಳಿದಾಗ ಹಳೆಯ ಸಾಲವನ್ನು ತೀರಿಸಿ ಹೊಸ ಸಾಲ ಪಡೆಯುವುದು ಅಲ್ಲಿಯ ಕುಟುಂಬಗಳ ವಾಡಿಕೆ. ಕೇಂದ್ರೀಯ ಬ್ಯಾಂಕು 2001ರಿಂದ ಬಡ್ಡಿಯನ್ನು ಇಳಿಸುತ್ತ 2003ರ ಜೂನ್ ವೇಳೆಗೆ ಶೇಕಡಾ 1ಕ್ಕೆ ತಂದಾಗ ಇಂತಹ ಮರುಸಾಲಗಳ ಪ್ರವಾಹವೇ ಹರಿಯಿತು. ಸಾಲಗಾರನ ಮನೆಗೆ ಸಂಜೆಯ ಹೊತ್ತು ತೆರಳಿ, ನೂರಕ್ಕೂ ಮಿಕ್ಕಿದ ಪುಟಗಳಿಗೆ ಸಹಿ ಮಾಡಿಸಿ, ಗುರುತನ್ನು ಪರೀಕ್ಷಿಸಿ, ಮುದ್ರೆಯೊತ್ತಿ, ಕಟ್ಟನ್ನು ಮರಳಿ ಕಳುಹಿಸುವ ಸಂಚಾರಿ ನೋಟರಿಗೆ ಎಲ್ಲಿಲ್ಲದ ಬೇಡಿಕೆ ಬಂದಿತು.

ಆದರೆ ಅವನನ್ನು ಕರೆದವರಾರು? ಸಾಲ ಕೊಡುವ ಸಂಸ್ಥೆಯು ಆಸ್ತಿಯ ಹಕ್ಕನ್ನು ಪರಿಶೀಲಿಸುವ ಟೈಟಲ್ ಕಂಪನಿಗೆ ಹೇಳುವುದು. ಆ ಕಂಪನಿಯು ನೋಟರಿಗಳನ್ನು ಒದಗಿಸುವ ಮಧ್ಯವರ್ತಿಗೆ ಹೇಳುವುದು. ಮಧ್ಯವರ್ತಿಯು ದೂರವಾಣಿಯ ಮೂಲಕ ನೋಟರಿಯನ್ನು ಹಿಡಿಯುವುದು. ಮಧ್ಯವರ್ತಿಯ ಕಚೇರಿಯು ಎಷ್ಟೋ ವೇಳೆ ಬೇರೊಂದು ರಾಜ್ಯದಲ್ಲಿ. ನೋಟರಿಯು ತನ್ನದೇ ಕಾಗದ, ಶಾಯಿ, ಪೆಟ್ರೋಲುಗಳನ್ನು ವ್ಯಯಿಸಿ ಕೆಲಸವನ್ನು ಅದೇ ದಿನ ಮುಗಿಸಬೇಕು. ಹಣವು ಮೂವತ್ತು, ನಲವತ್ತೈದು ದಿನಗಳಾಚೆ. ಕೆಲವು ಮಧ್ಯವರ್ತಿಗಳಂತೂ ಸಾಲ ಮಂಜೂರಾಗಿ ಹಣ ಕೈಸೇರಿದರೆ ಮಾತ್ರ ಕೂಲಿ ಎನ್ನುತ್ತಿದ್ದರು. ಅಲ್ಲಿಯ ಕಾನೂನು ವಾಸದ ಮನೆಯ ಮರುಸಾಲವನ್ನು ಮೂರು ಕೆಲಸದ ದಿನಗಳೊಳಗೆ ರದ್ದುಪಡಿಸುವ ಹಕ್ಕನ್ನು ಸಾಲಗಾರನಿಗೆ ಕೊಟ್ಟಿದೆ. ಸಾಲಗಾರನು ಸಹಿ ಹಾಕಿದರಷ್ಟೇ ಕೂಲಿ ದೊರೆಯುವಾಗ, ಅವನು ಹಿಂಜರಿದ ಗಳಿಗೆಯಲ್ಲಿ ಸಾಕ್ಷಿಯಾದವನು ಸುಮ್ಮನಿರಬಲ್ಲನೇ? ಇಲ್ಲಿ ಕೆಡುವುದು ಕೂಲಿಯಷ್ಟೇ ಅಲ್ಲ, ಸಾಕ್ಷಿಯ ಸಮಚಿತ್ತವೂ ಕೆಡುತ್ತದೆ.

2007ರಲ್ಲಿ ಪ್ರವಾಹ ಇಂಗಿತು. ನ್ಯೂ ಸೆಂಚುರಿ ಎಂಬ ದೊಡ್ಡ ಸಾಲಸಂಸ್ಥೆ ಆ ವರ್ಷದ ಏಪ್ರಿಲ್‌ನಲ್ಲಿ, ಅಮೆರಿಕನ್ ಹೋಮ್ ಮಾರ್ಟ್‌ಗೇಜ್ ಆಗಸ್ಟ್‌ನಲ್ಲಿ ದಿವಾಳಿ ಅರ್ಜಿ ಹಾಕಿದವು. 2008ರ ನವೆಂಬರ್‌ನಲ್ಲಿ ಲ್ಯಾಂಡ್‌ಅಮೆರಿಕ ಎಂಬ ಟೈಟಲ್ ವಿಮಾ ಸಮೂಹವೂ ಅದೇ ಹಾದಿ ಹಿಡಿಯಿತು. ದಿವಾಳಿಯ ಸರದಿಯಲ್ಲಿ ಒತ್ತೆ ಹಿಡಿದ ಸಾಲಿಗರು ಮುಂದೆ. ನೂರಿನ್ನೂರು ಡಾಲರ್ ಬಾಕಿಯ ನೋಟರಿಯಂತಹ ಭದ್ರತೆಯಿಲ್ಲದವರು ಕಟ್ಟಕಡೆಗೆ. ನಿಜವಾಗಿ ಮುಳುಗಿದ ಮಧ್ಯವರ್ತಿಯನ್ನು ಕ್ಷಮಿಸಬಹುದು. ಟೈಟಲ್ ಕಂಪನಿಯಿಂದ ನೋಟರಿಯ ಹೆಸರಿನಲ್ಲಿ ಹಣ ಪಡೆದು, ಅದನ್ನು ತನ್ನ ಬಾಡಿಗೆಗೆ ತಿರುಗಿಸಿಕೊಂಡು, ಬಾಗಿಲು ಮುಚ್ಚಿ ಬೇರೆ ಹೆಸರಿನಲ್ಲಿ ತೆರೆಯುವವನ ಮಾತು ಬೇರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳ ಪೈಕಿ ಕೂಟಲೇಖಕ್ರಿಯೆಯ ಮಗ್ಗುಲಲ್ಲೇ ನ್ಯಾಸಾಪಹಾರವನ್ನು ಹೇಳಿರುವುದು ಇಲ್ಲಿ ನೆನಪಾಗುವ ಸಂಗತಿ. ಸುಳ್ಳುಪತ್ರ ಬರೆಯುವುದೂ ನಂಬಿ ಇರಿಸಿದ್ದನ್ನು ನುಂಗುವುದೂ ಒಂದೇ ವ್ರತದ ಭಂಗಗಳು. ಅವೆರಡೂ ಒಂದೇ ಮನೆಯಲ್ಲಿ ವಾಸಿಸುವುದನ್ನು ಅಮೆರಿಕದ ಈ ವೃತ್ತಾಂತವೂ ತೋರಿಸಿತು.

2010ರಲ್ಲಿ ಮನೆಗಳ ಜಪ್ತಿಯ ದಾಖಲೆಗಳನ್ನು ಕೆದಕಿದಾಗ, ಓದದೆಯೇ ರಾಶಿರಾಶಿಯಾಗಿ ಸಹಿ ಮಾಡಿದ ಪ್ರಮಾಣಪತ್ರಗಳೂ ಸಹಿದಾರನು ಎದುರಿಗಿಲ್ಲದೆಯೇ ಒತ್ತಿದ ನೋಟರಿ ಮುದ್ರೆಗಳೂ ಹೊರಬಿದ್ದವು. 2012ರ ಫೆಬ್ರವರಿಯಲ್ಲಿ ಐದು ದೊಡ್ಡ ಬ್ಯಾಂಕುಗಳು 49 ರಾಜ್ಯಗಳೊಡನೆಯೂ ಒಕ್ಕೂಟ ಸರ್ಕಾರದೊಡನೆಯೂ ಸುಮಾರು 2,500 ಕೋಟಿ ಡಾಲರುಗಳ ರಾಜಿಗೆ ಒಪ್ಪಬೇಕಾಯಿತು. ಅದೇ ವರ್ಷ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆಯು, ಹೊರಗಿನವರಿಂದ ಮಾಡಿಸುವ ಕೆಲಸಕ್ಕೂ ಸಾಲಸಂಸ್ಥೆಗಳೇ ಹೊಣೆಯೆಂದು ಎಚ್ಚರಿಸಿತು. ಪರಿಣಾಮವಾಗಿ ಸಂಚಾರಿ ನೋಟರಿಯ ಪೂರ್ವಚರಿತ್ರೆಯನ್ನು ವರ್ಷವರ್ಷವೂ ಶೋಧಿಸುವ ಪದ್ಧತಿ ಬಂದಿತು. ಅವನಿಗೆ ಬಾಕಿ ಉಳಿಸಿಕೊಂಡ ಮಧ್ಯವರ್ತಿಯ ಪೂರ್ವಚರಿತ್ರೆಯನ್ನು ಶೋಧಿಸುವ ಪದ್ಧತಿ ಮಾತ್ರ ಹಾಗೆ ಬರಲಿಲ್ಲ.

ಆದುದರಿಂದ ನೋಟರಿಗಳು ತಮ್ಮ ಕಾವಲನ್ನು ತಾವೇ ಕಟ್ಟಿಕೊಂಡರು. ಮನೆಯಿಂದ ಹೊರಡುವ ಮುನ್ನ ಕೂಲಿ ಎಷ್ಟು, ಯಾವ ದಿನಾಂಕಕ್ಕೆ, ಸಾಲಗಾರನು ಸಹಿ ನಿರಾಕರಿಸಿದರೆ ಎಷ್ಟು ಎಂಬುದನ್ನು ಬರಹದಲ್ಲಿ ಪಡೆಯುವುದು ಮೊದಲನೆಯ ರೂಢಿ. ಹೊಸ ಮಧ್ಯವರ್ತಿಯಿಂದ ಮೊದಲ ಕೂಲಿ ಬರುವತನಕ ಎರಡು ಮೂರಕ್ಕಿಂತ ಹೆಚ್ಚು ಕೆಲಸ ಒಪ್ಪದಿರುವುದು ಇನ್ನೊಂದು. ನಮ್ಮ ವರ್ತಕರು ಹೊಸ ಗಿರಾಕಿಗೆ ಉದ್ದರಿ ಕೊಡುವಾಗ ಹಿಡಿಯುವ ಹದವೇ ಇದು. ಕೊಡದವರ ಹೆಸರುಗಳನ್ನು ತಮ್ಮ ತಮ್ಮೊಳಗೆ ತಿಳಿಸಿಕೊಂಡರು. ಎಲ್ಲಕ್ಕಿಂತ ಫಲ ಕೊಟ್ಟದ್ದು ದಾಖಲೆಗಳಲ್ಲಿಯೇ ಕಾಣುವ ಟೈಟಲ್ ಕಂಪನಿಯ ಹೆಸರನ್ನು ಗುರುತಿಟ್ಟುಕೊಳ್ಳುವ ಅಭ್ಯಾಸ. ಸಾಲದ ಲೆಕ್ಕಪತ್ರದಲ್ಲಿ ನೋಟರಿಯ ವೆಚ್ಚವೆಂದು ಸಾಲಗಾರನಿಂದ ವಸೂಲು ಮಾಡಿದ ಮೊತ್ತವು ಕೆಲವೊಮ್ಮೆ ನಮೂದಾಗಿರುತ್ತದೆ. ವಸೂಲು ಮಾಡಿದ ಹಣ ಕೆಲಸಗಾರನಿಗೆ ತಲುಪಿಲ್ಲವೆಂಬ ಒಂದು ಪತ್ರ ಟೈಟಲ್ ಕಂಪನಿಗೆ ಹೋದರೆ ಮಧ್ಯವರ್ತಿಯು ಎಚ್ಚರಗೊಳ್ಳುವುದುಂಟು.

ಒಂದು ಅಸ್ತ್ರವನ್ನು ಮಾತ್ರ ಸಜ್ಜನ ನೋಟರಿಗಳು ಮುಟ್ಟಲಿಲ್ಲ. ಸಹಿಯಾದ ಕಾಗದದ ಕಟ್ಟನ್ನು ಕೂಲಿ ಬರುವತನಕ ಇಟ್ಟುಕೊಳ್ಳುವುದು ಸುಲಭ. ಆದರೆ ಅದರಿಂದ ಪೆಟ್ಟು ಬೀಳುವುದು ಮಧ್ಯವರ್ತಿಗಲ್ಲ, ಮನೆಯ ಸಾಲಕ್ಕಾಗಿ ಕಾದು ಕುಳಿತ ಕುಟುಂಬಕ್ಕೆ. ಜಿನೋವಾದ ನೋಟರಿಯು ಪ್ರತಿಯನ್ನು ತಡೆದಾಗ ತಡೆಯುಂಟಾಗುತ್ತಿದ್ದುದು ಹಣ ಕೊಡಬೇಕಾದವನಿಗೇ. ಇಲ್ಲಿ ಕೊಡಬೇಕಾದವನೊಬ್ಬ, ನೋಯುವವನು ಇನ್ನೊಬ್ಬ. ಹಾಗೆಯೇ ಹಿಂದಿನ ದಿನಾಂಕ ಹಾಕಿಕೊಟ್ಟರೆ ಹಳೆಯ ಬಾಕಿಯನ್ನೂ ಸೇರಿಸಿ ಕೊಡುವೆವೆಂಬ ಆಮಿಷ. ಅದಕ್ಕೆ ಉತ್ತರವಾಗಿ ನಿಲ್ಲುವುದು ದಿನಚರಿ ದಫ್ತರ. ಕ್ಯಾಲಿಫೋರ್ನಿಯದಲ್ಲಿ ಅದನ್ನು ಕ್ರಮವಾಗಿ ಇಡುವುದು ಕಡ್ಡಾಯ. ಆಸ್ತಿಪತ್ರಗಳಿಗೆ ಸಹಿದಾರನ ಹೆಬ್ಬೆಟ್ಟಿನ ಗುರುತೂ ಬೇಕು. ಸುಳ್ಳು ದಿನಾಂಕಕ್ಕೆ ಅಲ್ಲಿ ಜಾಗವಿಲ್ಲ, ಮತ್ತು ಕೆಲಸ ನಡೆದುದಕ್ಕೆ ನ್ಯಾಯಾಲಯದಲ್ಲಿ ಅದೇ ಪುರಾವೆ.

ಆ ನ್ಯಾಯಾಲಯವೆಂದರೆ ಸಣ್ಣ ಹಕ್ಕುಗಳ ನ್ಯಾಯಾಲಯ. ಕ್ಯಾಲಿಫೋರ್ನಿಯದಲ್ಲಿ ಅಲ್ಲಿ ವಿಚಾರಣೆಗೆ ವಕೀಲರಿಗೆ ಪ್ರವೇಶವಿಲ್ಲ; ವ್ಯಕ್ತಿಯೊಬ್ಬನು 2024ರಿಂದ 12,500 ಡಾಲರಿನವರೆಗೆ ಕೇಳಬಹುದು, 1,500ರೊಳಗಿನ ಹಕ್ಕಿಗೆ ಅರ್ಜಿಯ ಶುಲ್ಕ 30 ಡಾಲರ್. ಪ್ರತಿವಾದಿಯು ಬೇರೆ ರಾಜ್ಯದವನಾದಾಗ ತೊಡಕು ಹೆಚ್ಚು, ಗೆದ್ದ ಮೇಲೂ ವಸೂಲಿ ಬೇರೆಯೇ ಹೋರಾಟ.

ಕಾನೂನು ಕಡೆಗೂ ಕೂಲಿಯ ಕಡೆ ಕಣ್ಣು ತೆರೆದುದು ಇತ್ತೀಚೆಗೆ. ಸ್ವತಂತ್ರವಾಗಿ ದುಡಿಯುವವರಿಗೆ ಲಿಖಿತ ಒಪ್ಪಂದವನ್ನೂ, ಒಪ್ಪಂದದಲ್ಲಿ ಗಡುವು ಹೇಳದಿದ್ದಲ್ಲಿ 30 ದಿನಗಳೊಳಗಿನ ಬಟವಾಡೆಯನ್ನೂ ನ್ಯೂಯಾರ್ಕ್ ನಗರವು 2017ರಲ್ಲಿ ಕಡ್ಡಾಯಗೊಳಿಸಿತು. ನ್ಯೂಯಾರ್ಕ್ ರಾಜ್ಯವೂ ಇಲಿನಾಯ್ ರಾಜ್ಯವೂ 2024ರಲ್ಲಿ ಅದನ್ನು ಅನುಸರಿಸಿದವು. ಇಲಿನಾಯ್‌ನ ಕಾನೂನು ಅನ್ವಯಿಸಬೇಕಾದರೆ ಒಂದೇ ಸಂಸ್ಥೆಗೆ 120 ದಿನಗಳಲ್ಲಿ ಒಟ್ಟು 500 ಡಾಲರಿನ ಕೆಲಸವಾದರೂ ಆಗಿರಬೇಕು. ಸಹಿಯ ಭೇಟಿಗೆ ನೂರು ಡಾಲರ್ ಎಂದಿಟ್ಟುಕೊಂಡರೆ ಐದು ಭೇಟಿಗಳು. ಹಣ ಬಾರದುದನ್ನು ಕಂಡು ಎರಡನೆಯ ಕೆಲಸಕ್ಕೇ ನಿಲ್ಲಿಸಿದ ಜಾಗರೂಕ ನೋಟರಿಯು ಆ ಕಾನೂನಿನ ಹೊಸ್ತಿಲನ್ನು ಮುಟ್ಟುವುದೇ ಇಲ್ಲ. ನಂಬಿ ಐದು ಬಾರಿ ಹೋದವನಿಗೆ ಮಾತ್ರ ಅದರ ಬಾಗಿಲು ತೆರೆಯುತ್ತದೆ.