ಒಡ್ಡಿನ ಗಿಡ, ಊರ ಹಕ್ಕಿ

ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಊರಿನ ಗಿಡ-ಹಕ್ಕಿಗಳ ಇತಿಹಾಸವೂ ನಾಲ್ಕು ಸಾಲು ಇರಲೆಂದು ನಾವು ಬರೆಯುತ್ತಿದ್ದೇವೆ.

ಉಗಾರ ಖುರ್ದ ಕೃಷ್ಣೆಯ ದಂಡೆಯ ಎರಿ ಭೂಮಿ. ಹಿರಿಯರ ಕಾಲಕ್ಕೆ ಜೋಳದ ಹೊಲ; ಒಡ್ಡಿನ ಮೇಲೆ ಜಾಲಿ, ಬೇವು, ಬನ್ನಿ; ಬೀಳು ಜಾಗದಲ್ಲಿ ಹಳದಿ ಹೂವಿನ ಆವರಿಕೆ. ಜಾಲಿ ಕುಂಟೆ-ಕೂರಿಗೆಗೆ ಆಗುತ್ತಿತ್ತು, ಬನ್ನಿಯ ಎಲೆ ದಸರೆಗೆ ಬಂಗಾರ.

1939ರಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾಯಿತು. ಕಬ್ಬು ಹೆಚ್ಚಿತು, ಮುಂದೆ ಪಂಪಸೆಟ್ಟು ಬಂತು, ಕೈಯಾಗ ದುಡ್ಡೂ ಆಡಿತು. ಸುಳ್ಳು ಯಾಕೆ ಹೇಳೋಣ, ಅದರಿಂದಲೇ ನಮ್ಮ ಮಕ್ಕಳು ಸಾಲಿ ಕಲಿತರು. ಆದರೆ ನೆರಳಿಗೆ ಕಬ್ಬು ಏಳೋದಿಲ್ಲವೆಂದು ಒಡ್ಡಿನ ಗಿಡ ಕಡಿದವರೂ ನಾವೇ. 1950ರ ದಶಕದಲ್ಲಿ ಪುಣೆಯಲ್ಲಿ ಕಂಡುಬಂದ ಕಾಂಗ್ರೆಸ್ ಕಸ ಇಲ್ಲಿಗೂ ಹಬ್ಬಿ ಆವರಿಕೆಯ ಜಾಗ ಹಿಡಿಯಿತು.

ಹಕ್ಕಿಗಳು ಆದಷ್ಟು ಹೊಂದಿಕೊಂಡವು. ಬೆಳ್ಳಕ್ಕಿ ಎತ್ತು ಬಿಟ್ಟು ಟ್ರ್ಯಾಕ್ಟರಿನ ಹಿಂದೆ ಹುಳ ಆರಿಸುತ್ತದೆ. ಗೀಜಗ ಕಬ್ಬಿನ ಹಸಿ ಗರಿ ಸೀಳಿ ಗೂಡು ನೇಯುತ್ತದೆ. ಆದರೆ ಗೂಡು ತೂಗುಹಾಕಲು ಬಾವಿಯ ಮೇಲೆ ಬಾಗಿದ ಜಾಲಿ ಬೇಕಲ್ಲ? ನಮ್ಮ ರಾಜ್ಯಪಕ್ಷಿ ನೀಲಕಂಠ ಪೈರಿನ ಹುಳ ಹಿಡಿದು ರೈತನ ಕೆಲಸ ಮಾಡುತ್ತದೆ. ಕೂಡ್ರಲು ಅದಕ್ಕೆ ಕರೆಂಟ್ ತಂತಿ ಸಾಕು, ಮರಿ ಮಾಡಲು ಹಳೇ ಗಿಡದ ಪೊಟರೆಯೇ ಬೇಕು.

ತಂದ ಸಾಲ ತೀರಿಸುವುದು ಸಂಘದ ಸದಸ್ಯರ ಧರ್ಮ. ಒಡ್ಡಿಗೊಂದು ಬನ್ನಿ, ಬಾವಿಗೊಂದು ಜಾಲಿ ಉಳಿಸೋಣ. ಈ ಸಾಲವೂ ಅಷ್ಟಿಷ್ಟು ತೀರಲಿ.