ಕಾನೂನು ಶಾಲೆಯ ಹೊಸ್ತಿಲು



ಶನಿವಾರದ ಸಂಜೆಗಳಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಒಂದೂವರೆ ವರ್ಷ ನಡೆದ ಪಾಠ ಯಾವುದೆಂದು ಹಳೆಯ ವಿದ್ಯಾರ್ಥಿಗಳು ಕೆಲವರು ದೂರವಾಣಿಯಲ್ಲಿ ವಿಚಾರಿಸಿದ್ದೀರಿ. ನಿವೃತ್ತಿಯಾಗಿ ಇಷ್ಟು ವರ್ಷಗಳ ಮೇಲೆ ಮೇಷ್ಟ್ರು ಟ್ಯೂಷನ್ ಆರಂಭಿಸಿದರೇ ಎಂದು ಒಬ್ಬರು ಚೇಷ್ಟೆಯನ್ನೂ ಮಾಡಿದರು. ಅದು ಟ್ಯೂಷನ್ ಅಲ್ಲ, ಹಳೆಯದೊಂದು ಬಾಕಿ. ಅದನ್ನು ಹೇಳಬೇಕಾದರೆ ಒಂದು ಪ್ರವೇಶ ಪರೀಕ್ಷೆಯ ಚರಿತ್ರೆಯನ್ನೇ ಹೇಳಬೇಕಾಗುತ್ತದೆ.

1994ರ ಮಾತು. ಹೈಸ್ಕೂಲಿನಲ್ಲಿ ನನ್ನ ಬಳಿ ಓದಿ, ಆಗ ಎರಡನೆಯ ಪಿಯುಸಿಯಲ್ಲಿದ್ದ ಹುಡುಗನೊಬ್ಬ ಪತ್ರಿಕೆಯ ತುಣುಕೊಂದನ್ನು ಹಿಡಿದು ಅರಸೀಕೆರೆಯ ನಮ್ಮ ಬಾಡಿಗೆ ಮನೆಗೆ ಬಂದಿದ್ದ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಪ್ರವೇಶ ಪರೀಕ್ಷೆಯ ಪ್ರಕಟಣೆ ಅದು. ಡಿ.ಡಿ. ತೆಗೆದು ಫಾರಂ ತರಿಸಬೇಕು, ಬೆಂಗಳೂರಿಗೆ ಹೋಗಿ ಬರೆಯಬೇಕು. "ಮೇಷ್ಟ್ರೇ, ಬರೆಯಲೇ?" ಎಂದು ಕೇಳಿದ. ನಾನು ತುಣುಕನ್ನು ಓದಿ, "ಇದೆಲ್ಲ ಕಾನ್ವೆಂಟ್ ಮಕ್ಕಳಿಗೆ ಕಣಯ್ಯಾ, ಸುಮ್ಮನೆ ದುಡ್ಡು ಯಾಕೆ ಕಳೆಯುತ್ತೀಯೆ?" ಎಂದೆ. ಅವನು ತಲೆಯಾಡಿಸಿ, ತುಣುಕನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೊರಟುಹೋದ. ಮುಂದೆ ಬಿ.ಎ. ಮಾಡಿ, ಮೂರು ವರ್ಷದ ಎಲ್‌ಎಲ್‌.ಬಿ. ಮುಗಿಸಿ ತಾಲ್ಲೂಕು ನ್ಯಾಯಾಲಯದಲ್ಲಿ ವಕೀಲನಾದ. ಒಳ್ಳೆಯ ವಕೀಲನೆಂದೇ ಹೆಸರು. ಆದರೂ ಆ ಮಡಿಸಿದ ಕಾಗದ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ.

ಆ ಶಾಲೆಯ ಹಿನ್ನೆಲೆ ತಿಳಿಯದವರಿಗಾಗಿ ನಾಲ್ಕು ಮಾತು. ನಮ್ಮ ಕಾಲದಲ್ಲಿ ಕಾನೂನು ಓದೆಂದರೆ ಪದವಿಯ ನಂತರದ ಮಾತು. 1939ರಲ್ಲಿ ಆರಂಭವಾದ ಬೆಳಗಾವಿಯ ರಾಜಾ ಲಖಮಗೌಡ ಕಾಲೇಜಿನಂತಹ ಗಟ್ಟಿ ಸಂಸ್ಥೆಗಳು ಇದ್ದವು, ನಿಜ. ಆದರೆ ಬೇರೆ ಕಡೆ ಸೀಟು ಸಿಗದವರು ಕೊನೆಗೆ ಲಾ ಕಾಲೇಜು ಸೇರುತ್ತಾರೆಂಬ ಹಗುರ ಮಾತೂ ಊರೂರಲ್ಲಿತ್ತು. ಇದನ್ನು ಬದಲಿಸಲು ಪಿಯುಸಿ ಮುಗಿದೊಡನೆ ಸೇರಬಹುದಾದ ಐದು ವರ್ಷದ ಕೋರ್ಸನ್ನು ಭಾರತೀಯ ವಕೀಲರ ಪರಿಷತ್ತು 1980ರ ದಶಕದಲ್ಲಿ ಮುಂದಿಟ್ಟಿತು. ಕರ್ನಾಟಕದ ವಿಧಾನಮಂಡಲ 1986ರಲ್ಲಿ ಅಧಿನಿಯಮ ಮಾಡಿ ರಾಷ್ಟ್ರೀಯ ಕಾನೂನು ಶಾಲೆಯನ್ನು ಸ್ಥಾಪಿಸಿತು. ಕೇರಳದವರಾದ ಪ್ರೊ. ಎನ್.ಆರ್. ಮಾಧವ ಮೆನನ್ ಅದರ ಸ್ಥಾಪಕ ನಿರ್ದೇಶಕರು. ಭಾರತದ ಮುಖ್ಯ ನ್ಯಾಯಮೂರ್ತಿಗಳೇ ಕುಲಾಧಿಪತಿಗಳು. 1988ರ ಜುಲೈ 1ರಂದು ಪಾಠಗಳು ಆರಂಭವಾದವು. ನನ್ನ ಹುಡುಗ ತುಣುಕು ತಂದಾಗ ಆ ಶಾಲೆಗೆ ಇನ್ನೂ ಆರೇ ವರ್ಷ. ಆರು ವರ್ಷದ ಶಾಲೆಯ ಬಾಗಿಲು ಯಾರಿಗೆ ತೆರೆದಿದೆ, ಯಾರಿಗಿಲ್ಲ ಎಂದು ಅರಸೀಕೆರೆಯಲ್ಲಿ ಕುಳಿತು ತೀರ್ಪು ಕೊಟ್ಟವನು ನಾನು!

ಬೆಂಗಳೂರನ್ನು ನೋಡಿ ಭೋಪಾಲ್, ಹೈದರಾಬಾದ್, ಕೋಲ್ಕತ್ತ, ಜೋಧಪುರ, ರಾಯಪುರ, ಗಾಂಧಿನಗರಗಳಲ್ಲಿಯೂ ಇಂಥವೇ ವಿಶ್ವವಿದ್ಯಾಲಯಗಳು ಎದ್ದವು. ಒಂದೊಂದಕ್ಕೂ ಬೇರೆ ಫಾರಂ, ಬೇರೆ ಶುಲ್ಕ, ಬೇರೆ ಪ್ರಶ್ನೆಪತ್ರಿಕೆ. ಕೆಲವೊಮ್ಮೆ ದಿನಾಂಕಗಳು ಒಂದರ ಮೇಲೊಂದು ಬೀಳುತ್ತಿದ್ದವು. ಇದರ ವಿರುದ್ಧ 2006ರಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. 2007ರ ನವೆಂಬರಿನಲ್ಲಿ ಏಳು ವಿಶ್ವವಿದ್ಯಾಲಯಗಳು ಒಪ್ಪಂದಕ್ಕೆ ಸಹಿ ಮಾಡಿದವು. ಮೊದಲ ಸಾಮಾನ್ಯ ಪರೀಕ್ಷೆಯನ್ನು 2008ರ ಮೇ 11ರಂದು ನಮ್ಮ ಬೆಂಗಳೂರಿನ ಶಾಲೆಯೇ ನಡೆಸಿತು. ಮಕ್ಕಳ ಬಾಯಲ್ಲಿ 'ಕ್ಲಾಟ್' ಎಂದು ಓಡಾಡುವ ಪರೀಕ್ಷೆ ಇದೇ.

ಹೀಗೆ ಅಲೆದಾಟ ತಪ್ಪಿತು. ಹೊಸ್ತಿಲು ಮಾತ್ರ ತಗ್ಗಲಿಲ್ಲ. ಅದನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಪ್ರೊ. ಶಮ್ನಾಡ್ ಬಷೀರ್ ಒಬ್ಬರು. ಬೆಂಗಳೂರಿನ ಶಾಲೆಯಲ್ಲೇ ಓದಿ, ಕೋಲ್ಕತ್ತದಲ್ಲಿ ಪ್ರಾಧ್ಯಾಪಕರಾಗಿದ್ದ ಅವರಿಗೆ ತರಗತಿಯಲ್ಲಿ ಕಾಣುತ್ತಿದ್ದವರು ಬಹುಮಟ್ಟಿಗೆ ನಗರದ, ಇಂಗ್ಲಿಷ್ ಮಾಧ್ಯಮದ, ಅನುಕೂಲಸ್ಥರ ಮಕ್ಕಳು. 2010ರಲ್ಲಿ ಅವರು 'ಇಡಿಯಾ' ಎಂಬ ಸಂಸ್ಥೆಯನ್ನು ಕಟ್ಟಿದರು. ಕಾನೂನು ವಿದ್ಯಾರ್ಥಿಗಳೇ ಹಳ್ಳಿಗಾಡಿನ ಶಾಲೆಗಳಿಗೆ ಹೋಗಿ, ಬಡ ಮಕ್ಕಳನ್ನೂ ಅಂಗವಿಕಲ ಮಕ್ಕಳನ್ನೂ ಗುರುತಿಸಿ ಈ ಪರೀಕ್ಷೆಗೆ ಸಿದ್ಧಪಡಿಸುವ ಕೆಲಸ ಅದು. ಪರೀಕ್ಷೆ ನಡೆಯುವ ಕ್ರಮದ ದೋಷಗಳ ಬಗ್ಗೆ 2015ರಲ್ಲಿ ಸುಪ್ರೀಂ ಕೋರ್ಟಿಗೂ ಹೋದರು. 2019ರ ಮೇ ತಿಂಗಳಲ್ಲಿ ಮೆನನ್ ತೀರಿಕೊಂಡರು. ಮೂರೇ ತಿಂಗಳಿಗೆ, ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಬಾಬಾಬುಡನ್‌ಗಿರಿಯಲ್ಲಿ, ಇನ್ನೂ ಐವತ್ತೂ ತುಂಬದ ಬಷೀರರು ತೀರಿಕೊಂಡ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆ. ಊರೂರಿನ ಶಾಲೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದ ಈ ಮನುಷ್ಯ 1994ರಲ್ಲಿ ಅರಸೀಕೆರೆಗೆ ಬಂದಿದ್ದರೆ ನನ್ನಂತಹ ಮೇಷ್ಟರಿಗೂ ಒಂದು ಪಾಠ ಹೇಳುತ್ತಿದ್ದರೇನೋ.

2020 ಒಂದು ವಿಚಿತ್ರ ವರ್ಷ. ಕೋವಿಡ್ ಕಾರಣದಿಂದ ಸಾಮಾನ್ಯ ಪರೀಕ್ಷೆ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಬೆಂಗಳೂರಿನ ಶಾಲೆ ತಾಳ್ಮೆಗೆಟ್ಟು, ಮನೆಯಲ್ಲೇ ಗಣಕಯಂತ್ರದ ಮುಂದೆ ಕುಳಿತು ಬರೆಯುವ ತನ್ನದೇ ಪರೀಕ್ಷೆಯನ್ನು ಸೆಪ್ಟೆಂಬರ್ 12ರಂದು ನಡೆಸಿಬಿಟ್ಟಿತು. ಕರೆಂಟ್ ಹೋಗಿ ಬರುವ ಊರುಗಳ ಮಕ್ಕಳ ಗತಿಯೇನು? ಶಾಲೆಯ ಹಿಂದಿನ ಕುಲಪತಿಗಳೇ ಅರ್ಜಿದಾರರಲ್ಲಿ ಒಬ್ಬರಾದರು; ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟು ಆ ಪರೀಕ್ಷೆಯನ್ನು ರದ್ದುಮಾಡಿತು. 28ರಂದು ಕ್ಲಾಟ್ ನಡೆಯಿತು. ಮರುದಿನವೇ ಕರ್ನಾಟಕ ಹೈಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು: ಶಾಲೆಯ ನಾಲ್ಕನೆಯ ಒಂದು ಪಾಲು ಸೀಟುಗಳನ್ನು ಕರ್ನಾಟಕದ ವಿದ್ಯಾರ್ಥಿಗಳಿಗೆ ಮೀಸಲಿಡಲು ರಾಜ್ಯ ಅದೇ ವರ್ಷ ಮಾಡಿದ್ದ ತಿದ್ದುಪಡಿ ಊರ್ಜಿತವಲ್ಲ ಎಂದು. ಮುಂದಿನ ವರ್ಷ ಶಾಲೆ ತಾನಾಗಿಯೇ, ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇ. 25ರ ಪಾಲನ್ನು ಒದಗಿಸಿತು. ಸರ್ಕಾರ ಮಾಡಬಾರದ್ದನ್ನು ಸಂಸ್ಥೆ ಮಾಡಬಹುದು ಎಂಬುದರ ಸೂಕ್ಷ್ಮವನ್ನು ವಕೀಲ ಮಿತ್ರರು ಎರಡು ಸಲ ವಿವರಿಸಿದ ಮೇಲೆ ನನಗೆ ಅರ್ಥವಾಯಿತು.

ಇನ್ನು ಶನಿವಾರಗಳಿಗೆ ಬರುತ್ತೇನೆ. 2023ರ ಜೂನ್‌ನಲ್ಲಿ ಅದೇ ವಕೀಲ ಮಗಳನ್ನು ಕರೆದುಕೊಂಡು ಬಂದ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಕಲಾ ವಿಭಾಗ. "ಮೇಷ್ಟ್ರೇ, ಇವಳು ಕ್ಲಾಟ್ ಬರೆಯುತ್ತಾಳಂತೆ. ನೀವು ಸ್ವಲ್ಪ ಇಂಗ್ಲಿಷ್ ಓದಿಸಬೇಕು" ಎಂದ. ಹಳೆಯದನ್ನು ಅವನು ಎತ್ತಲಿಲ್ಲ. ಎತ್ತಿದ್ದರೆ ಹಗುರವಾಗುತ್ತಿತ್ತು.

ಮೊದಲ ವಾರ ನಾನೇ ಕನ್ನಡದಲ್ಲಿ ಒಂದು ಪ್ರಶ್ನೆ ಕಟ್ಟಿದೆ. ನಿಯಮ: ಒಬ್ಬರ ವಶದಲ್ಲಿರುವ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ ಸರಿಸುವುದು ಕಳವು. ಸಂಗತಿ: ದೇವಸ್ಥಾನದ ಹೊರಗೆ ರಂಗಪ್ಪ ತನ್ನವೆಂದೇ ತಿಳಿದು ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಹೋದ. ಇದು ಕಳವೇ? "ಅಲ್ಲ ತಾತ, ಉದ್ದೇಶ ಇಲ್ಲವಲ್ಲ" ಎಂದಳು ತಕ್ಷಣ. ಮನೆಗೆ ಹೋದ ಮೇಲೆ ತನ್ನದಲ್ಲವೆಂದು ಗೊತ್ತಾಗಿಯೂ ಇಟ್ಟುಕೊಂಡರೆ? ಅವಳು ಸ್ವಲ್ಪ ಯೋಚಿಸಿ, "ಅದು ತಪ್ಪೇ. ಆದರೆ ನೀವು ಕೊಟ್ಟ ನಿಯಮದಲ್ಲಿ ಸರಿಸುವ ಹೊತ್ತಿನ ಉದ್ದೇಶ ಮುಖ್ಯ. ಅದಕ್ಕೆ ಬೇರೆ ನಿಯಮ ಬೇಕು" ಎಂದಳು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಈ ಪರೀಕ್ಷೆಯ ಕಾನೂನು ವಿಭಾಗ ಬೇಡುವುದು ಇದನ್ನೇ: ಕೊಟ್ಟ ನಿಯಮವನ್ನು ಕೊಟ್ಟ ಸಂಗತಿಗೆ ಹಚ್ಚುವುದು, ಕನಿಕರ, ಕೋಪ, ಮೊದಲೇ ತಿಳಿದ ಸಂಗತಿಗಳನ್ನು ಬದಿಗಿಡುವುದು. ಅವಳಿಗೆ ಅದು ಆಗಲೇ ಬರುತ್ತಿತ್ತು.

ಬಾರದೆ ಇದ್ದುದು ವೇಗ. ಹಿಂದೆ ಎರಡು ಗಂಟೆಯಲ್ಲಿ 200 ಸಣ್ಣ ಪ್ರಶ್ನೆಗಳಿರುತ್ತಿದ್ದವು. ಬಾಯಿಪಾಠ ಮಾಡಿದವರಿಗೆ ಅನುಕೂಲ. 2020ರಿಂದ ಉದ್ದನೆಯ ಗದ್ಯಭಾಗ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. 2023ರ ಡಿಸೆಂಬರಿನ ಪರೀಕ್ಷೆಯಿಂದ ಪ್ರಶ್ನೆಗಳು 120, ಅವಧಿ ಎರಡೇ ಗಂಟೆ, ಪ್ರತಿ ತಪ್ಪಿಗೆ ಕಾಲು ಅಂಕ ಖೋತಾ. ಒಂದೊಂದು ಗದ್ಯಭಾಗವೂ ಸುಮಾರು 450 ಪದಗಳು, ಎಲ್ಲವೂ ಇಂಗ್ಲಿಷಿನಲ್ಲಿ. ಚಪ್ಪಲಿಯ ಪ್ರಶ್ನೆಯನ್ನೇ ಇಂಗ್ಲಿಷಿನ ಗದ್ಯದಲ್ಲಿ ಹುದುಗಿಸಿ ಕೊಟ್ಟಾಗ ಅದೇ ಹುಡುಗಿಗೆ ಹತ್ತು ನಿಮಿಷ ಹಿಡಿಯಿತು. ಅವಳ ತರ್ಕ ಕುಂದಿರಲಿಲ್ಲ, ಕಣ್ಣು ಎಡವುತ್ತಿತ್ತು. ವೈದ್ಯಕೀಯಕ್ಕೆ ಸೇರುವ ನೀಟ್ 2017ರಿಂದ ಕನ್ನಡದಲ್ಲಿಯೂ ಇದೆ. ಕ್ಲಾಟನ್ನೂ ಭಾರತೀಯ ಭಾಷೆಗಳಲ್ಲಿ ನಡೆಸಬೇಕೆಂಬ ಅರ್ಜಿ 2023ರಲ್ಲಿ ದೆಹಲಿ ಹೈಕೋರ್ಟಿಗೆ ಹೋಗಿತ್ತು. ಹೈಕೋರ್ಟುಗಳ ಭಾಷೆ ಇಂಗ್ಲಿಷೆಂದು ಸಂವಿಧಾನದ 348ನೆಯ ವಿಧಿಯೇ ಹೇಳುವಾಗ ಇಂಗ್ಲಿಷ್ ಬೇಡವೆನ್ನಲಾರೆ. ಆದರೆ ಐದು ವರ್ಷ ಕಲಿಸಲು ಕರೆದುಕೊಳ್ಳುವವರು, ಕಲಿಸಬೇಕಾದುದನ್ನೇ ಬಾಗಿಲಲ್ಲಿ ನಿಲ್ಲಿಸಿ ಕೇಳುವುದು ಯಾವ ನ್ಯಾಯ?

ನಾವು ಮಾಡಿದ್ದು ಸರಳ. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ, ಗಟ್ಟಿಯಾಗಿ, ಗಡಿಯಾರವಿಟ್ಟು. ತಿಳಿಯದ ಪದ ಬಂದರೆ ನಿಲ್ಲದೆ ಗೆರೆ ಎಳೆದು ಮುಂದೆ ಸಾಗುವುದು, ಆಮೇಲೆ ನಿಘಂಟು. ಓದಿದ್ದರ ಸಾರ ಕನ್ನಡದಲ್ಲಿ ಎರಡು ಸಾಲು. ಗಣಿತಕ್ಕೆ ಹತ್ತನೆಯ ತರಗತಿಯ ಶೇಕಡಾವಾರು, ಅನುಪಾತ ಸಾಕಾಯಿತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬರೆಯುತ್ತಿದ್ದಳು. ನಿಜವಾದ ಪರೀಕ್ಷೆಯೂ ಅದೇ ಹೊತ್ತಿಗೆ. ಹತ್ತು ತಿಂಗಳಾದ ಮೇಲೆ ಒಂದು ದಿನ ಗಡಿಯಾರವನ್ನು ನೋಡಿದರೆ, ಗದ್ಯಭಾಗಕ್ಕೆ ಮೂರೇ ನಿಮಿಷ.

2024ರ ಡಿಸೆಂಬರ್ 1ರಂದು ಪರೀಕ್ಷೆ ಬರೆದಳು. ಅದೂ ನ್ಯಾಯಾಲಯಕ್ಕೆ ಹೋಯಿತು! ಉತ್ತರಸೂಚಿಯಲ್ಲಿ ಎರಡು ತಪ್ಪುಗಳಿವೆಯೆಂದು ದೆಹಲಿ ಹೈಕೋರ್ಟು ಡಿಸೆಂಬರ್ 20ರಂದು ಹೇಳಿತು. ಮೇಲ್ಮನವಿಗಳು ಸುತ್ತಿ ಸುತ್ತಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬರುವವರೆಗೆ ಮಕ್ಕಳು ಕಾದರು. ಅವಳ ಅಪ್ಪ ಪ್ರತಿ ವಿಚಾರಣೆಯ ಸುದ್ದಿಯನ್ನೂ ನನಗೆ ತಲುಪಿಸುತ್ತಿದ್ದ. ಅಂಥದೊಂದು ಸಂಜೆ, ಕಾಫಿ ಕುಡಿಯುತ್ತಾ, ನಾನೇ ಬಾಯಿಬಿಟ್ಟೆ: "ಆವತ್ತು ನಾನು ನಿನಗೆ ಹಾಗೆ ಹೇಳಬಾರದಿತ್ತು ಕಣಯ್ಯಾ." ಅವನು ಲೋಟ ಕೆಳಗಿಟ್ಟು, "ಆ ತುಣುಕು ಬಹಳ ದಿನ ಇಟ್ಟುಕೊಂಡಿದ್ದೆ ಮೇಷ್ಟ್ರೇ" ಎಂದಷ್ಟೇ ಹೇಳಿದ.

ಬೆಂಗಳೂರಿನ ಸೀಟು ಅವಳಿಗೆ ಸಿಗಲಿಲ್ಲ. ರಾಜ್ಯದ ಪಾಲಿನಲ್ಲಿಯೂ ರ್‍ಯಾಂಕು ಸಾಲಲಿಲ್ಲ. ನೆರೆರಾಜ್ಯವೊಂದರ ಕಾನೂನು ವಿಶ್ವವಿದ್ಯಾಲಯದಲ್ಲಿ ಸಿಕ್ಕಿತು, ಸೇರಿದ್ದಾಳೆ. ಮೊದಲ ತಿಂಗಳು ದೂರವಾಣಿಯಲ್ಲಿ, "ತಾತ, ಇಲ್ಲಿ ಎಲ್ಲರೂ ನನಗಿಂತ ಬೇಗ ಮಾತಾಡುತ್ತಾರೆ" ಎಂದಳು. ಈಚೆಗೆ ಆ ಮಾತು ಬಂದಿಲ್ಲ.

ಅವಳು ಗೆರೆ ಎಳೆದ ಪತ್ರಿಕೆಗಳೂ ಆರು ಟಿಪ್ಪಣಿ ಪುಸ್ತಕಗಳೂ ನಮ್ಮ ಪಡಸಾಲೆಯ ಬೀರುವಿನಲ್ಲಿವೆ. ನಿಮ್ಮ ಮಕ್ಕಳಿಗೋ ನೆರೆಮನೆಯವರಿಗೋ ಬೇಕಾದರೆ ಶನಿವಾರ ಸಂಜೆ ಐದರ ಮೇಲೆ ಬನ್ನಿ, ಮನೆಯಲ್ಲೇ ಇರುತ್ತೇನೆ.